ಹರಾಜಕ್ಕನ ಆರುನೂರ ಹನ್ನೆರಡು ಮಾತು

ಇಪ್ಪತ್ತೊಂಬತ್ತು ವರ್ಷ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗಿದ ಹೆಂಗಸಿನ ಬಾಯಿ ಎರಡು ಸಲ ಕಟ್ಟಿಹೋಯಿತು. ಮೊದಲನೆಯ ಸಲ ಆಸ್ಪತ್ರೆಯಲ್ಲಿ, ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿದಾಗ. ಎರಡನೆಯ ಸಲ ಅಡುಗೆಮನೆಯಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಅವಳ ಟ್ಯಾಬು ಕೈಕೊಟ್ಟಾಗ. ಗುಂಡಿ ಒತ್ತಿದರೆ ಕಂಪನಿಯ ಗುರುತು ಮೂಡುತ್ತಿತ್ತು, ಒಂದು ಗಳಿಗೆ ನಿಂತು ಮಾಯವಾಗುತ್ತಿತ್ತು, ಮತ್ತೆ ಮೂಡುತ್ತಿತ್ತು. ಹತ್ತು ಸಲ ಒತ್ತಿದಳು. ಹತ್ತು ಸಲವೂ ಅದೇ ಹಾಡು.

ಮಾರುಕಟ್ಟೆಯವರೆಲ್ಲ ಅವಳನ್ನು ಹರಾಜಕ್ಕ ಎನ್ನುತ್ತಿದ್ದರು. ಗಂಡ ಅದೇ ಮಾರುಕಟ್ಟೆಯಲ್ಲಿ ತಕ್ಕಡಿಯ ಪಕ್ಕ ನಿಲ್ಲುವವನು, ತೂಕದಣ್ಣ. ಅವಳು ಕೂಗುವುದು, ಅವನು ತೂಗುವುದು. ಮನೆಯಲ್ಲೂ ಲೆಕ್ಕ ಹೆಚ್ಚುಕಡಿಮೆ ಹೀಗೇ ಇತ್ತು. ಅವನು ‘ಏನಾಯ್ತು ಅಂದ್ರೆ...’ ಎಂದು ಶುರು ಮಾಡುವಷ್ಟರಲ್ಲಿ ಅವಳು ಏನಾಯ್ತು ಎಂಬುದನ್ನು ಹೇಳಿ ಮುಗಿಸಿರುತ್ತಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ನಾಲ್ಕು ಜನರ ಮುಂದೆ ಒಂದು ಮಾತನ್ನು ಪೂರ್ತಿ ಆಡಿದ್ದನ್ನು ಕಂಡವರು ಕಡಿಮೆ. ತಪ್ಪು ಅವಳದೂ ಇತ್ತು, ಇಲ್ಲ ಅನ್ನುವುದಕ್ಕಾಗುವುದಿಲ್ಲ.

ಆಪರೇಷನ್ನಿಗೆ ಮೂರು ವಾರ ಇರುವಾಗ ಆಸ್ಪತ್ರೆಯ ಮಾತಿನ ಡಾಕ್ಟರಮ್ಮ ಆ ಟ್ಯಾಬನ್ನು ಕೊಟ್ಟು, ಮುಂದೆ ಬೇಕಾಗುವ ಮಾತುಗಳನ್ನೆಲ್ಲ ಈಗಲೇ ನಿಮ್ಮ ದನಿಯಲ್ಲಿ ಹೇಳಿ ತುಂಬಿಸಿಕೊಳ್ಳಿ, ಆಮೇಲೆ ಚಿತ್ರ ಮುಟ್ಟಿದರೆ ಅದು ಮಾತಾಡುತ್ತದೆ ಎಂದಳು. ಇನ್ನೂರು ವಾಕ್ಯದ ಒಂದು ಪಟ್ಟಿಯನ್ನೂ ಕೊಟ್ಟಳು. ನನಗೆ ನೀರು ಬೇಕು. ನನಗೆ ಚಳಿಯಾಗುತ್ತಿದೆ. ದಯವಿಟ್ಟು ದೀಪ ಆರಿಸಿ. ಹರಾಜಕ್ಕ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, “ಏನ್ ಡಾಕ್ಟ್ರಮ್ಮಾ ಇದು, ಹಾಸಿಗೆ ಹಿಡಿದೋರ ಪಟ್ಟಿ. ನಾನಿನ್ನೂ ಬದುಕಬೇಕು ಕಣಮ್ಮಾ” ಅಂದಳು. ಮನೆಗೆ ಬಂದು ತನ್ನದೇ ಪಟ್ಟಿ ಮಾಡಿದಳು.

ಮೂರು ವಾರ ದಿನಾ ಮಧ್ಯಾಹ್ನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅವಳು ಮಾತು ತುಂಬಿಸಿದಳು. ಗುಂಯ್ ಅನ್ನುವ ಸದ್ದು ಸೇರಬಾರದೆಂದು ಫ್ರಿಜ್ಜಿನ ಪ್ಲಗ್ ಕಿತ್ತಿಡುತ್ತಿದ್ದರು. ಒಂದು ದಿನ ಹಾಕಲು ಮರೆತು ಹಾಲೆಲ್ಲ ಒಡೆದಿತ್ತು. ಗುಂಡಿ ಒತ್ತುವ ಕೆಲಸ ಗಂಡನದು. ‘ಮೇಲೆ ಹೊಸದು ಕೆಳಗೆ ಕೊಳೆತದ್ದು, ಯಾರ ಕಿವಿಗೆ ಹೂವಿಡ್ತೀಯೋ?’ ‘ಸಾಕು ಮಾಡ್ರೀ ನಿಮ್ಮ ಪುರಾಣ.’ ‘ಎಲ್ಲಿ, ಬಾಯಿ ಆ ಮಾಡು ನನ್ನ ಗುಬ್ಬಚ್ಚಿ, ಹಲ್ಲೆಷ್ಟು ಬಂತು ನೋಡೋಣ’ ಎಂದು ಮೊಮ್ಮಗಳಿಗೊಂದು. ಬರೀ ನಗು, ಮೂರು ಬಗೆಯದು. ಹರಾಜಿನ ಕೂಗು, ಶುರುವಿನಿಂದ ‘ಹೋಯ್ತು, ಹೋಯ್ತು, ಹೋಗೇಬಿಡ್ತು!’ ತನಕ. ಹೀಗೆ ಆರುನೂರ ಹನ್ನೆರಡು. ‘ಸುಮ್ನಿರ್ರೀ, ನಾನು ಹೇಳ್ತೀನಿ’ ಅನ್ನುವುದನ್ನು ತುಂಬಿಸುವಾಗ ಗಂಡ ಗುಂಡಿಯ ಮೇಲೆ ಬೆರಳಿಟ್ಟು ತಡೆದ.

“ಇದೂ ಬೇಕಾ?”

“ಇದೇ ಮೊದಲು ಬೇಕಾಗೋದು,” ಅಂದಳು ಅವಳು. ಅವನು ಒತ್ತಿದ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ತೂಕದಣ್ಣ ಅವಳ ಸೇವೆಯಲ್ಲಿ ಒಂದಿಷ್ಟೂ ಕೊರತೆ ಮಾಡಲಿಲ್ಲ. ಉಸಿರಾಡಲೆಂದು ಕತ್ತಿನಲ್ಲಿ ಕೊರೆದ ತೂತಿನ ಸುತ್ತ ಒರೆಸಿದ, ಊಟ ನುಣ್ಣಗೆ ಅರೆದುಕೊಟ್ಟ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಮಹಡಿ ಮನೆಯಾಕೆ ಹೇಳಿದ್ದೇ ಹೇಳಿದ್ದು. ಆದರೆ ಸೇವೆಯ ಜೊತೆಗೆ ಅವನಿಗೆ ಮಾತೂ ಬಂತು. ಡಾಕ್ಟರು ಅವಳನ್ನು ನೋಡಿ ‘ನೋವಿದೆಯಾ?’ ಅಂದರೆ ‘ಏನಿಲ್ಲ ಡಾಕ್ಟ್ರೇ, ಆರಾಮಾಗಿದಾಳೆ’ ಎಂದು ಇವನು. ಅವಳು ಚಿತ್ರ ಹುಡುಕಿ ಮುಟ್ಟಿದರೆ ಅವಳದೇ ಗಂಟಲು ಕೋಣೆ ತುಂಬ ಮೊಳಗುತ್ತಿತ್ತು: ಸುಮ್ನಿರ್ರೀ, ನಾನು ಹೇಳ್ತೀನಿ. ಡಾಕ್ಟರು ಬಿದ್ದು ಬಿದ್ದು ನಗುತ್ತಿದ್ದರು. ಅವನೂ ನಗುತ್ತಿದ್ದ, ಕಿವಿ ಮಾತ್ರ ಕೆಂಪಾಗಿರುತ್ತಿತ್ತು. ಶನಿವಾರ ಮಾರುಕಟ್ಟೆಗೆ ಹೋಗಿ ಟ್ಯಾಬನ್ನು ಮೈಕಿಗೆ ಹಿಡಿದು ಮೊದಲ ರಾಶಿಯ ಹರಾಜು ಅವಳೇ ಕೂಗಿಸುತ್ತಿದ್ದಳು. ಮೂಟೆ ಹೊರುವವರು ಶಿಳ್ಳೆ ಹಾಕುತ್ತಿದ್ದರು. ವಾರದ ಉಳಿದ ಆರು ದಿನ ಅವಳು ಬದುಕಿದ್ದದ್ದು ಆ ಶಿಳ್ಳೆಯ ಬಲದಿಂದ.

ಅಂಥ ಟ್ಯಾಬು ಕೆಟ್ಟದ್ದು ಹೀಗೆ. ಅದು ತನ್ನಷ್ಟಕ್ಕೆ ಯಾವುದೋ ಅಪ್‌ಡೇಟ್ ಹಾಕಿಕೊಳ್ಳುತ್ತಿತ್ತು, ಚಾರ್ಜು ತಳ ಕಂಡಿತ್ತು, ತೂಕದಣ್ಣ ಅಂಗಿ ಇಸ್ತ್ರಿ ಮಾಡಲು ಅದರ ಪ್ಲಗ್ ಕಿತ್ತ. ಬೇಕೆಂದು ಕಿತ್ತದ್ದಲ್ಲ. ಅಷ್ಟು ನ್ಯಾಯ ಅವನಿಗೆ ಸಲ್ಲಬೇಕು.

ರಿಪೇರಿ ಅಂಗಡಿ ಎರಡು ಆಳು ನಿಂತರೆ ಮೂರನೆಯವನು ಹೊರಗೆ ನಿಲ್ಲಬೇಕಾದಷ್ಟು ದೊಡ್ಡದು. ಒಳಗೆ ಹಣೆಗೆ ಲೈಟು ಕಟ್ಟಿಕೊಂಡ ರಿಪೇರಿಯವನು, ಬಿಚ್ಚಿಟ್ಟ ಫೋನುಗಳ ನಡುವೆ. ಹರಾಜಕ್ಕ ಕಾಗದದ ಮೇಲೆ ‘ಮಾತು ಹೋಗಬಾರದು’ ಎಂದು ಬರೆದು ಅವನ ಮುಂದೆ ತಳ್ಳಿದಳು. ಅವಳಿಗೆ ಅಂಕಿ ಸಲೀಸು, ಅಕ್ಷರ ಕಷ್ಟ. ಆ ಎರಡು ಪದ ಬರೆಯುವಷ್ಟರಲ್ಲಿ ಹೊರಗೆ ಕಾಯುತ್ತಿದ್ದ ಗಿರಾಕಿ ಎರಡು ಸಲ ಗಡಿಯಾರ ನೋಡಿದ. ಯಾವ ಮಾತು ಎಂಬುದನ್ನು ಗಂಡ ವಿವರಿಸಿ ಹೇಳಿದ.

ರಿಪೇರಿಯವನು ಒಳ್ಳೆಯವನು, ಕೆಲಸ ಬಲ್ಲವನು. ತಂತಿ ಚುಚ್ಚಿ, ಕಂಪ್ಯೂಟರಿಗೆ ಸೇರಿಸಿ, ಹತ್ತು ನಿಮಿಷ ನೋಡಿದ. “ಏನಿಲ್ಲಮ್ಮಾ, ಹಳೇ ಸಾಫ್ಟ್‌ವೇರು ಅರ್ಧ, ಹೊಸದು ಅರ್ಧ ಆಗಿ ಮಧ್ಯದಲ್ಲಿ ಸಿಕ್ಹಾಕ್ಕೊಂಡಿದೆ. ರೀಸೆಟ್ ಹೊಡೆದ್ರೆ ಒಂದು ಗಂಟೇಲಿ ಏಳುತ್ತೆ. ಫೋಟೋ ವಿಡಿಯೋ ಎಲ್ಲ ಕಾರ್ಡಲ್ಲಿದೆ, ಅವಕ್ಕೇನೂ ಆಗಲ್ಲ. ಆದ್ರೆ ನಿಮ್ಮ ಮಾತು ಇರೋದು ಒಳಗೆ. ರೀಸೆಟ್ ಮಾಡಿದ್ರೆ ಅದು ಹೋದ ಹಾಗೇ.”

ಅವಳು ಕಾಗದದ ಮೇಲಿನ ಎರಡು ಪದಗಳ ಕೆಳಗೆ ಗೆರೆ ಎಳೆದಳು. ಎರಡು ಗೆರೆ.

“ಗೊತ್ತಾಯ್ತಮ್ಮಾ. ಒಳಗಿರೋದನ್ನ ಮುಟ್ಟದೆ ಸಾಫ್ಟ್‌ವೇರ್ ಮಾತ್ರ ಮತ್ತೆ ಕೂರಿಸಬಹುದು. ಅದಕ್ಕೆ ಇದೇ ಮಾಡೆಲ್ಲಿನ ಸರಿಯಾದ ಫೈಲೇ ಬೇಕು, ನನ್ನ ಹತ್ರ ಇಲ್ಲ. ತರಿಸ್ತೀನಿ, ಮೂರ್ನಾಲ್ಕು ದಿನ ಆಗಬಹುದು. ಕಾಯ್ತೀರಾ?”

ಅವಳು ಜೋರಾಗಿ ತಲೆಯಾಡಿಸಿದಳು. ಅವನು ಚೀಟಿ ಕೊಟ್ಟ, ಫೋನ್ ನಂಬರ್ ಬರೆಯಿರಿ ಎಂದ. ಅವಳ ಫೋನು ಈಗ ಮಗಳ ಮನೆಯಲ್ಲಿತ್ತು. ಮಾತೇ ಇಲ್ಲದ ಮೇಲೆ ಫೋನ್ ಯಾಕೆ, ಮೆಸೇಜಿಗೆ ಟ್ಯಾಬ್ ಇದೆಯಲ್ಲ ಎಂದು ಗಂಡ ಹೇಳಿದ್ದು ಅವಳಿಗೂ ಸರಿಯೆನ್ನಿಸಿ ಕೊಟ್ಟುಬಿಟ್ಟಿದ್ದಳು. ಹಾಗಾಗಿ ಗಂಡನ ನಂಬರನ್ನು ತಾನೇ, ತನ್ನ ಕೈಯಾರೆ, ದುಂಡಗೆ ಬರೆದಳು.

ಮಂಗಳವಾರ, ಬುಧವಾರ ಮನೆಯಲ್ಲಿ ಒಂದೇ ದನಿ. ತೂಕದಣ್ಣ ತಿಂಡಿ ಮಾಡುತ್ತ ಮಾತಾಡಿದ, ಪಾತ್ರೆ ತೊಳೆಯುತ್ತ ಮಾತಾಡಿದ. ಮಹಡಿ ಮನೆಯಾಕೆ ಬಂದಾಗ, ಹಿಂದೊಮ್ಮೆ ಮಾರುಕಟ್ಟೆಯಲ್ಲಿ ಗಲ್ಲಾಪೆಟ್ಟಿಗೆ ಹೊತ್ತು ಓಡುತ್ತಿದ್ದ ಕಳ್ಳನನ್ನು ತಾನು ಹೇಗೆ ಕಾಲು ಅಡ್ಡ ಕೊಟ್ಟು ಬೀಳಿಸಿದೆ ಎಂಬ ಕತೆ ಹೇಳಿದ. ಕಾಲು ಅಡ್ಡ ಕೊಟ್ಟವಳು ಹರಾಜಕ್ಕ. ಅವನು ಆ ಹೊತ್ತಿಗೆ ತಕ್ಕಡಿಯ ಹಿಂದೆ ಕೂತುಬಿಟ್ಟಿದ್ದ. ಅವಳು ಕೈ ಬೀಸಿದಳು, ತನ್ನ ಎದೆ ತಟ್ಟಿಕೊಂಡಳು, ಕಾಲು ತೋರಿಸಿದಳು.

“ನೋಡಿ, ಅವಳಿಗೂ ನೆನಪಾಯ್ತು,” ಅಂದ ಅವನು, ಖುಷಿಯಿಂದ. ಮಹಡಿ ಮನೆಯಾಕೆ ಇಬ್ಬರನ್ನೂ ನೋಡಿ ನಕ್ಕಳು.

ಹರಾಜಕ್ಕನಿಗೆ ಮೈಯೆಲ್ಲ ಉರಿಯಿತು. ಉರಿದು ಏನು ಮಾಡುವುದು? ಕಾಗದ ಹುಡುಕಿ, ಪೆನ್ನು ಹುಡುಕಿ, ‘ನಾನು’ ಎಂದು ಬರೆಯುವಷ್ಟರಲ್ಲಿ ಮಾತು ನೀರಿನ ಮೋಟಾರಿನ ಕಡೆ ಹೊರಳಿತ್ತು. ಹೋಗಲಿ, ಶನಿವಾರ ಬರಲಿ ಎಂದುಕೊಂಡಳು. ಟ್ಯಾಬು ಬರಲಿ.

ಬುಧವಾರ ಮಧ್ಯಾಹ್ನ ತೂಕದಣ್ಣನಿಗೆ ಒಂದು ಫೋನು ಬಂತು. ಯಾರು ಎಂದು ನೋಡಿದವನೇ ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡ. ಅವಳು ಬಟಾಣಿ ಬಿಡಿಸುತ್ತ ಕೂತಿದ್ದಳು. ಅವನು ಒಮ್ಮೆ ತಿರುಗಿ ಅವಳನ್ನು ನೋಡಿದ, ಫೋನಿನಲ್ಲಿ ಏನೋ ಹೇಳಿದ, ಸ್ವಲ್ಪ ಹೊತ್ತು ಸುಮ್ಮನೆ ನಿಂತ, ಮತ್ತೆ ಹೇಳಿದ. ಒಳಗೆ ಬಂದಾಗ ಅವಳು ಯಾರು ಎಂದು ಕೈಯಲ್ಲೇ ಕೇಳಿದಳು.

“ರಾಂಗ್ ನಂಬರ್ ಕಣೇ.”

ರಾಂಗ್ ನಂಬರಿನ ಜೊತೆ ಅಷ್ಟು ಹೊತ್ತು ಏನು ಮಾತು ಎಂದು ಅವಳಿಗೆ ಅನ್ನಿಸದಿರಲಿಲ್ಲ. ಆದರೆ ಈಚೆಗೆ ಅವನು ರಾಂಗ್ ನಂಬರಿನವರ ಊರು ಕೇರಿಯನ್ನೂ ವಿಚಾರಿಸುವ ಹಾಗಾಗಿದ್ದ. ಅವಳು ಬಟಾಣಿಯ ಕಡೆ ತಿರುಗಿದಳು.

ಗುರುವಾರ ಬೆಳಿಗ್ಗೆ ‘ಟ್ಯಾಬ್ ರೆಡಿಯಂತೆ’ ಎಂದು ಅವನೇ ಹೇಳಿದ. ಅವಳು ಚಪ್ಪಲಿ ಮೆಟ್ಟಿ ಅವನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ದಾರಿಯುದ್ದಕ್ಕೂ ಯಾವುದನ್ನು ಮೊದಲು ಮುಟ್ಟಲಿ ಎಂಬುದೇ ಯೋಚನೆ. ನಗು ಮುಟ್ಟಲೋ, ಹರಾಜು ಮುಟ್ಟಲೋ? ಕೊನೆಗೆ ‘ಸಾಕು ಮಾಡ್ರೀ ನಿಮ್ಮ ಪುರಾಣ’ವೇ ಸರಿ ಎಂದು ತೀರ್ಮಾನಿಸಿದಳು.

ಟ್ಯಾಬು ಹೊಸದರ ಹಾಗೆ ಥಟ್ಟನೆ ಎದ್ದಿತು. ಮೊಮ್ಮಗಳ ಫೋಟೋ ಇತ್ತು, ಮಾರುಕಟ್ಟೆಯ ವಿಡಿಯೋ ಇತ್ತು. ಮಾತಿನ ಪುಟ ತೆರೆದಳು. ಡಾಕ್ಟರಮ್ಮನ ಇನ್ನೂರು ವಾಕ್ಯಗಳು ಸಾಲಾಗಿ ಕೂತಿದ್ದವು. ಒಂದನ್ನು ಮುಟ್ಟಿದಳು. ಎಲ್ಲೋ ಕಾರ್ಖಾನೆಯಲ್ಲಿ ತಯಾರಾದ, ಯಾರದೂ ಅಲ್ಲದ ಒಂದು ಹೆಣ್ಣುದನಿ, ದಯವಿಟ್ಟು ದೀಪ ಆರಿಸಿ ಅಂದಿತು. ಕೆಳಗೆ ಎಳೆದಳು. ಇನ್ನೂ ಕೆಳಗೆ. ಆರುನೂರ ಹನ್ನೆರಡು ಇದ್ದ ಜಾಗದಲ್ಲಿ ಬಿಳಿ ಪರದೆ. ಅವಳು ಅದನ್ನು ರಿಪೇರಿಯವನ ಮುಖಕ್ಕೆ ಹಿಡಿದು ಬೆರಳಿನಿಂದ ಟಕಟಕ ಕುಟ್ಟಿದಳು.

ಅವನು ಗಾಬರಿಯಾದ. “ರೀಸೆಟ್ ಮಾಡಿದ್ಮೇಲೆ ಅದಿರಲ್ಲಮ್ಮಾ, ಮೊದಲೇ ಹೇಳಿದ್ನಲ್ಲ. ನಿನ್ನೆ ಸಾರ್‌ಗೆ ಫೋನ್ ಮಾಡಿದ್ದೆ. ಫೈಲ್ ಸಿಕ್ಕಿದೆ, ನಾಳೆ ಕೈಗೆ ಬರುತ್ತೆ, ಒಂದೇ ದಿನ ಕಾಯಿರಿ ಅಂದೆ. ನೀವೇ ಬೇಡ ಅಂದ್ರಂತಲ್ಲ? ‘ಪಕ್ಕದಲ್ಲೇ ಇದಾಳೆ, ಕೇಳ್ತೀನಿ ಇರಿ’ ಅಂತ ನಿಮ್ಮನ್ನ ಕೇಳಿ, ‘ರೀಸೆಟ್ ಮಾಡಿಬಿಡಿ ಅಂತಿದಾಳೆ’ ಅಂದ್ರು.”

ಗಾಜಿನ ಬಾಗಿಲ ಆಚೆ ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತದ್ದು ಯಾಕೆಂದು ಆಗ ತಿಳಿಯಿತು. ಅವಳನ್ನು ಕೇಳುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತಿದ್ದ.

ಅವಳು ಗಂಡನ ಕಡೆ ತಿರುಗಿದಳು. ಅವನು ನೆಲ ನೋಡುತ್ತ, ಅವಳಿಗಷ್ಟೇ ಕೇಳುವ ಹಾಗೆ, “ಎಷ್ಟು ದಿನ ಅಂತ ಬೈಸ್ಕೊಳ್ಳೋದೇ,” ಅಂದ. ಆಮೇಲೆ, “ಈ ದನಿ ಮೆತ್ತಗಿದೆ. ರೂಢಿಯಾಗುತ್ತೆ,” ಅಂದ.

ಡಾಕ್ಟರು ಗಂಟಲು ಕೊಯ್ದಾಗ ಅವಳು ಅತ್ತಿರಲಿಲ್ಲ. ಬದುಕಬೇಕಾದರೆ ಕೊಯ್ಯಲೇಬೇಕು ಎಂದು ಅವಳನ್ನು ಕೂರಿಸಿಕೊಂಡು ಹೇಳಿದ್ದರು, ಅವಳು ಹೂಂ ಅಂದಿದ್ದಳು, ತನ್ನ ಬಾಯಿಂದಲೇ. ಈಗ ಕಣ್ಣು ತುಂಬಿ ಬಂತು. ದುಃಖ ಒಂದು ಪಾಲು, ಸಿಟ್ಟು ಮೂರು ಪಾಲು. ಮೂವತ್ತು ವರ್ಷ ಅವನ ಮಾತು ತುಂಡರಿಸಿದ್ದಳು, ನಿಜ. ಆದರೆ ತಾನು ತುಂಡರಿಸಿದ್ದನ್ನು ಅವನು ಮರುದಿನ ಮತ್ತೆ ಶುರು ಮಾಡಬಹುದಿತ್ತು. ಇದನ್ನು ಯಾವ ಗಂಟಲಿನಿಂದ ಮತ್ತೆ ಶುರು ಮಾಡುವುದು?

ಕಟ್ಟೆಯ ಮೇಲಿದ್ದ ಚೀಟಿಯನ್ನು ಎಳೆದುಕೊಂಡು ಅದರ ಬೆನ್ನಿಗೆ ಬರೆಯತೊಡಗಿದಳು. ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು, ಪೆನ್ನು ಒತ್ತಿ ಎರಡು ಕಡೆ ಕಾಗದ ಹರಿಯಿತು. ‘ನನ್ನ ಕೇಳಲೇ ಇಲ್ಲ. ಸುಳ್ಳು ಹೇಳಿದ. ನನ್ನ ದನಿ ಕೊಂದ.’ ಅಷ್ಟು ಬರೆಯುವಷ್ಟರಲ್ಲಿ ಒಡೆದ ಫೋನು ಹಿಡಿದ ಇನ್ನೊಬ್ಬ ಗಿರಾಕಿ ಬಂದಿದ್ದ. ರಿಪೇರಿಯವನು ಆ ಕಡೆ ಬಗ್ಗಿದ್ದ. ಅವಳು ಕಾಗದವನ್ನು ಅವನ ಕಡೆ ತಳ್ಳಿದಳು. ಅದು ಕಟ್ಟೆ ದಾಟುವ ಮೊದಲೇ ತೂಕದಣ್ಣ ಎತ್ತಿಕೊಂಡ. ಓದಿದ. ಮುಖದ ಬಣ್ಣ ಹೋಯಿತು. ಎರಡು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡ.

ರಿಪೇರಿಯವನು ತಲೆಯೆತ್ತಿದ. ಅವಳ ಕಣ್ಣೀರು ನೋಡಿ ಅವನಿಗೆ ಒಂದು ಥರ ಆಯಿತು. ಏನೋ ಎಡವಟ್ಟಾಗಿದೆ ಎಂದು ಅವನಿಗೂ ಅನ್ನಿಸುತ್ತಿತ್ತು. “ಏನಂತೆ ಸಾರ್? ಬೇಜಾರ್ ಮಾಡ್ಕೊಂಡ್ರಾ?”

“ಛೇ ಛೇ, ಬೇಜಾರಲ್ಲ,” ಅಂದ ತೂಕದಣ್ಣ. ಗಂಟಲು ಸರಿಮಾಡಿಕೊಂಡ. “ಇಷ್ಟು ಕಷ್ಟಪಟ್ರಲ್ಲ, ನಿಮಗೆ ಥ್ಯಾಂಕ್ಸ್ ಹೇಳು ಅಂತಿದಾಳೆ.”

ರಿಪೇರಿಯವನ ಮುಖ ಸಡಿಲವಾಯಿತು. ಹರಾಜಕ್ಕ ಇನ್ನೊಂದು ಕಾಗದಕ್ಕಾಗಿ ಕಟ್ಟೆಯ ಮೇಲೆ ಬಗ್ಗಿ ಎರಡೂ ಕೈ ಚಾಚಿದಳು. ರಿಪೇರಿಯವನು ನಾಚಿಕೊಂಡು ಹಿಂದೆ ಸರಿದ.

“ಅಯ್ಯೋ, ಅಷ್ಟೆಲ್ಲ ಬೇಡಮ್ಮಾ,” ಅಂದ. “ಸಾರ್ ಹೇಳಿದ್ರಲ್ಲ, ಸಾಕು.”