ಒಡೆಸ್ಸಾ ಬಿಲ್ಲೆಂದುಕೊಂಡ ಕಾಗದ

ಕಾಲೇಜಿನ ಲಕೋಟೆ ಕಂಡರೆ ನಮ್ಮ ಬೀದಿಯವರ ಎದೆ ಧಸಕ್ಕೆನ್ನುತ್ತದೆ. ಬಿಡಿಸಿ ಓದುವವರು ಕಡಿಮೆ. ಫ್ರಿಜ್ಜಿನ ಮೇಲೆ ಹಣ್ಣಿನ ಬುಟ್ಟಿಯ ಅಡಿಗೆ ತಳ್ಳಿ, ಸಂಬಳ ಬಂದಾಗ ನೋಡೋಣ ಎಂದು ಸುಮ್ಮನಾಗುವವರೇ ಹೆಚ್ಚು. ನಿನಗೆ ಹೇಗೆ ಗೊತ್ತು ಎನ್ನುತ್ತೀರಾ? ಮಿಸಿಸಿಪ್ಪಿಯ ಈ ಊರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹೆಂಗಸರ ಜಡೆ ಹೆಣೆಯುತ್ತಿದ್ದೇನೆ. ನನ್ನ ಕುರ್ಚಿಯಲ್ಲಿ ಕೂತವರು ಮನೆಯ ಸುದ್ದಿ ಹೇಳದೆ ಏಳುವುದಿಲ್ಲ.

ಈಸ್ಟರ್ ಹಬ್ಬಕ್ಕೆ ಎರಡು ವಾರವಿದ್ದ ಶನಿವಾರ ಒಡೆಸ್ಸಾ ಬಂದಳು. ಮೀನಿನ ಕಾರ್ಖಾನೆಯಲ್ಲಿ ಮೀನು ಸೀಳುವ ಕೆಲಸ ಅವಳದು. ಗಂಡ ತೀರಿಕೊಂಡು ಆರು ವರ್ಷವಾಯಿತು. ಒಬ್ಬಳೇ ಮಗಳು ಕೆಜೈಯಾಗೆ ಹತ್ತೊಂಬತ್ತು ವರ್ಷ, ನರ್ಸಿಂಗ್ ಓದುತ್ತಿದ್ದಾಳೆ. ಅವಳೂ ಜೊತೆಗಿದ್ದಳು. ಇಬ್ಬರ ಮುಖವೂ ಬಾಡಿತ್ತು.

"ಏನಾಯ್ತೇ?" ಎಂದೆ, ಬಾಚಣಿಗೆ ಎತ್ತಿಕೊಳ್ಳುತ್ತಾ.

"ಏನಿಲ್ಲ ಜುವೆಲ್. ಇವಳು ಸೋಮವಾರ ಕಾಲೇಜು ಬಿಡ್ತಾಳೆ. ಬಿಡೋ ಅರ್ಜೀನೂ ತುಂಬಿಟ್ಟಾಗಿದೆ. ನನ್ನ ಜೊತೆ ಕಾರ್ಖಾನೆಗೆ ಬರ್ತಾಳೆ."

ನನಗೆ ಸಿಟ್ಟು ನೆತ್ತಿಗೇರಿತು. ಏಳು ವರ್ಷದವಳಿದ್ದಾಗಲೇ ಈ ಹುಡುಗಿ ನನ್ನ ಅಂಗಡಿಯ ಬೊಂಬೆಯ ತಲೆಗೆ ಟವೆಲ್ಲು ಹರಿದು ಬ್ಯಾಂಡೇಜು ಸುತ್ತಿದವಳು.

"ತಲೆ ಕೆಟ್ಟಿದೆಯೇನೇ ನಿಂಗೆ?"

"ಕೆಡದೆ ಏನು ಮಾಡುತ್ತೆ? ಕಳೆದ ವರ್ಷ ಪೂರ್ತಿ ತಿಂಗಳು ತಿಂಗಳು ಫೀಸು ಕಟ್ಟಿದೀನಿ. ಈಗ ಮತ್ತೆ ಮೂರು ಸಾವಿರದ ಇನ್ನೂರು ಡಾಲರ್ ಅಂತ ಕಾಗದ ಕಳಿಸಿದಾರೆ. ಎಲ್ಲಿಂದ ತರಲಿ?"

ಆ ಕಾಗದವನ್ನು ಎರಡು ತಿಂಗಳು ಬುಟ್ಟಿಯ ಅಡಿಯಲ್ಲಿಟ್ಟು, ಮಗಳಿಗೂ ತೋರಿಸದೆ, ಒಬ್ಬಳೇ ಕೊರಗಿ, ವಾರದ ಹಿಂದೆ ಮೊತ್ತ ಮಾತ್ರ ಹೇಳಿದ್ದಳಂತೆ. ಆ ಭಯದಲ್ಲಿ ಈ ವರ್ಷದ ತೆರಿಗೆ ಲೆಕ್ಕವನ್ನೂ ಕೊಟ್ಟಿರಲಿಲ್ಲ.

ಮೂಲೆಯಲ್ಲಿ ಕೂದಲು ಒಣಗಿಸಿಕೊಳ್ಳುತ್ತಿದ್ದ ಅರ್ಲೀನ್ ಟೀಚರ್ ಯಂತ್ರದ ಟೊಪ್ಪಿಗೆ ಮೇಲೆತ್ತಿ ಎದ್ದು ಬಂದರು. ಊರಿನ ಅರ್ಧ ಜನಕ್ಕೆ ಲೆಕ್ಕ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಪ್ರತಿ ವರ್ಷ ತೆರಿಗೆಯ ಕಾಲದಲ್ಲಿ ಗ್ರಂಥಾಲಯದಲ್ಲಿ ಕೂತು ಜನರ ತೆರಿಗೆ ಅರ್ಜಿಗಳನ್ನು ಪುಕ್ಕಟೆ ತುಂಬಿಕೊಡುತ್ತಾರೆ.

"ಎಲ್ಲಿ, ಆ ಕಾಗದ ಕೊಡು."

ಒಡೆಸ್ಸಾ ಚೀಲದಿಂದ ತೆಗೆದುಕೊಟ್ಟಳು. ಟೀಚರ್ ಕನ್ನಡಕ ಸರಿಮಾಡಿಕೊಂಡು ನೋಡಿ ನಕ್ಕರು.

"ಅಯ್ಯೋ ಮಗಳೇ, ಇದು ಬಿಲ್ಲಲ್ಲ! ನೀನು ಕಟ್ಟಿದ್ದಕ್ಕೆ ರಸೀದಿ ಇದ್ದ ಹಾಗೆ. ಹತ್ತು ತೊಂಬತ್ತೆಂಟು-ಟಿ (1098-T) ಫಾರಂ ಅಂತಾರೆ. ನೋಡಿಲ್ಲಿ, ಒಂದನೇ ಚೌಕದಲ್ಲಿ ಕಾಲೇಜಿಗೆ ಸಂದಾಯ ಆದ ಫೀಸು. ಐದನೇ ಚೌಕದಲ್ಲಿ ಇವಳಿಗೆ ಸಿಕ್ಕ ವಿದ್ಯಾರ್ಥಿವೇತನ, ಸಾವಿರದ ಇನ್ನೂರು. ಕಳೆದರೆ ನಿನ್ನ ಕೈಯಿಂದ ಹೋಗಿದ್ದು ಎರಡು ಸಾವಿರ. ಪುಸ್ತಕಕ್ಕೆ ಎಷ್ಟಾಯ್ತು?"

"ಎಂಟುನೂರು. ಚೀಟಿ ಎಲ್ಲ ಇಟ್ಟಿದೀನಿ ಟೀಚರ್," ಎಂದಳು ಕೆಜೈಯಾ.

"ಜಾಣೆ. ಅದೂ ಸೇರುತ್ತೆ. ಇದನ್ನೆಲ್ಲ ತೋರಿಸಿದ್ರೆ ನಿಮ್ಮಮ್ಮನ ತೆರಿಗೆಯಲ್ಲಿ ಎರಡು ಸಾವಿರದ ಇನ್ನೂರರವರೆಗೆ ಬಿಡ್ತಾರೆ. ಕಟ್ಟಬೇಕಾದ ತೆರಿಗೆ ಅಷ್ಟಿಲ್ಲದಿದ್ರೂ ಒಂದು ಪಾಲು ಕೈಗೇ ಬರುತ್ತೆ."

ಒಡೆಸ್ಸಾ ನಂಬಲಿಲ್ಲ. "ಇದೆಲ್ಲ ದುಡ್ಡಿದ್ದವರಿಗೆ ಟೀಚರ್. ನಾನು ಕೇಳಕ್ಕೆ ಹೋಗಿ, ತೆರಿಗೆಯವರು ಬಾಗಿಲಿಗೆ ಬಂದು ನಿಂತ್ರೆ?"

"ಆದಾಯ ಮಿತಿ ಮೀರಿದ್ರೆ ದುಡ್ಡಿದ್ದವರಿಗೇ ಸಿಗಲ್ಲ ಕಣೇ. ನಿನ್ನಂಥವರಿಗೇ ಇರೋದು ಇದು. ನಿಜ ಬರೆದು ಚೀಟಿ ಇಟ್ಟುಕೊಂಡವಳಿಗೆ ಯಾವ ಹೆದರಿಕೆ?" ಎಂದವರು ಮಗಳತ್ತ ತಿರುಗಿದರು. "ನೀನೇನಾದ್ರೂ ಬೇರೆ ತೆರಿಗೆ ಲೆಕ್ಕ ಕಳಿಸಿದೀಯಾ?"

ಕೆಜೈಯಾ ತಲೆ ತಗ್ಗಿಸಿದಳು. "ಫೋನಲ್ಲೇ ಕಳಿಸ್ದೆ. ಬರ್ಗರ್ ಅಂಗಡಿ ಸಂಬಳದಲ್ಲಿ ಹಿಡಿದಿದ್ದ ನಲವತ್ತಾರು ಡಾಲರ್ ವಾಪಸ್ ಬಂತು."

"ನಿನ್ನನ್ನ ಸಾಕುವವರು ಯಾರಾದ್ರೂ ಇದಾರಾ, ಅವರ ಲೆಕ್ಕದಲ್ಲಿ ನಿನ್ನ ಹೆಸರು ತೋರಿಸಬಹುದಾ ಅಂತ ಕೇಳಿರುತ್ತಲ್ಲ. ಏನು ಒತ್ತಿದೆ?"

"ಯಾರೂ ಇಲ್ಲ ಅಂತ."

ಒಡೆಸ್ಸಾ ಅರ್ಧ ಹೆಣೆದ ಜಡೆಯಲ್ಲೇ ಗಿರ್ರನೆ ತಿರುಗಿದಳು. "ಯಾರೂ ಇಲ್ವಾ? ನಿನ್ನೆ ಯಾರ ಬಾಣಲೆಯ ಮೀನು ತಿಂದ್ಯೇ? ಯಾರ ಸೂರಿನ ಕೆಳಗೆ ಮಲಗಿದ್ದೆ?"

"ನಿಂಗೆ ಭಾರ ಆಗಬಾರದು ಅಂತಮ್ಮಾ. ನನ್ನ ಕಾಲ ಮೇಲೆ ನಾನು ನಿಂತಿದೀನಿ ಅಂತ ಒಂದು ಕಡೆಯಾದ್ರೂ ಬರೀಬೇಕು ಅನ್ನಿಸ್ತು."

"ನೀನು ನಂಗೆ ಭಾರ ಅಂತ ಯಾವಾಗ ಅಂದೆ ನಾನು?" ಎಂದು ಒಡೆಸ್ಸಾ ಮಗಳ ಕೈ ಹಿಡಿದುಕೊಂಡಳು. ನನಗೂ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಒಬ್ಬಳು ಬಿಲ್ಲೆಂದು ಹೆದರಿ ಬಚ್ಚಿಟ್ಟಳು, ಇನ್ನೊಬ್ಬಳು ಭಾರವಾಗಬಾರದೆಂದು ಮುಚ್ಚಿಟ್ಟಳು. ಇಬ್ಬರೂ ಕೂತು ಮಾತಾಡಿದ್ದರೆ ಈ ಪಾಡು ಇರುತ್ತಿರಲಿಲ್ಲ.

"ಅಳಬೇಡ್ರೇ, ವರ್ಷಾ ವರ್ಷಾ ಎಷ್ಟೋ ಮಕ್ಕಳು ಹೀಗೇ ಮಾಡ್ತಾರೆ," ಎಂದರು ಟೀಚರ್. "ಯಾರೂ ಇಲ್ಲ ಅಂತ ಇದ್ರೆ ಅಮ್ಮನಿಗೆ ಈ ರಿಯಾಯಿತಿ ಸಿಗಲ್ಲ, ಅದಕ್ಕೇ ಮೊದಲು ಮಗಳ ಲೆಕ್ಕ ತಿದ್ದಿ ಕಳಿಸೋಣ. ಆಮೇಲೆ ಅಮ್ಮನದು. ಹಣ ಸ್ವಲ್ಪ ತಡವಾಗಿ ಬರುತ್ತೆ, ಅಷ್ಟೇ. ಮಂಗಳವಾರ ಗ್ರಂಥಾಲಯಕ್ಕೆ ಬನ್ನಿ. ಏನೇನು ತರಬೇಕು ಅಂತ ಬರೆದುಕೊಡ್ತೀನಿ, ಒಂದು ಹಾಳೆ ಕೊಡಿ."

ಕೆಜೈಯಾ ಚೀಲಕ್ಕೆ ಕೈಹಾಕಿ ಸಿಕ್ಕಿದ ಹಾಳೆ ಕೊಟ್ಟಳು. ಅದು ಕಾಲೇಜು ಬಿಡುವ ಅರ್ಜಿ. ಟೀಚರ್ ಒಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ ಮಗುಚಿ, ಹಿಂದೆ ಬರೆದರು: ಕಾಲೇಜಿನ ಫಾರಂ, ಪುಸ್ತಕದ ಚೀಟಿಗಳು, ಇಬ್ಬರ ಸಂಬಳದ ಫಾರಂ, ಸೋಷಿಯಲ್ ಸೆಕ್ಯುರಿಟಿ ಕಾರ್ಡುಗಳು, ಒಡೆಸ್ಸಾಳ ಗುರುತಿನ ಚೀಟಿ.

ಸೋಮವಾರ ಕೆಜೈಯಾ ಕಾಲೇಜಿಗೆ ಹೋದಳು, ಪಾಠಕ್ಕೆ. ಜೂನ್ ಕೊನೆಗೆ ಹಣ ಬಂತು, ಮುಂದಿನ ಕಂತಿಗೆ ದಾರಿಯಾಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫ್ರಿಜ್ಜಿನ ಮೇಲೂ ಅಂಥ ಕಾಗದವಿದ್ದರೆ ಇವತ್ತೇ ಕೆಳಗಿಳಿಸಿ. ಅಂಚೆಯಲ್ಲಿ ಬರದಿದ್ದರೆ ಮಕ್ಕಳಿಗೆ ಕಾಲೇಜಿನ ಜಾಲತಾಣದಲ್ಲಿ ಹುಡುಕಲು ಹೇಳಿ. ಪದವಿ ಓದಿನ ಮೊದಲ ನಾಲ್ಕು ವರ್ಷ, ಅರ್ಧ ಹೊತ್ತಿನ ಓದಾದರೂ ಸರಿ, ಈ ರಿಯಾಯಿತಿ ಕೇಳಬಹುದು. ಹಿಂದೆ ಬಿಟ್ಟುಹೋಗಿದ್ದರೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ತಿದ್ದಿ ಕೇಳಲು ಬರುತ್ತದೆ. ಮಕ್ಕಳೇ, ಫೋನಿನಲ್ಲಿ ಒತ್ತುವ ಮುಂಚೆ ಮನೆಯವರನ್ನು ಒಂದು ಮಾತು ಕೇಳಿ.

ಟೀಚರ್ ಬರೆದ ಪಟ್ಟಿಯನ್ನು ನನ್ನ ಅಂಗಡಿಯ ಕನ್ನಡಿಗೆ ಅಂಟಿಸಿದ್ದೇನೆ. ಯಾರು ಬೇಕಾದರೂ ಬಂದು ಬರೆದುಕೊಳ್ಳಿ. ಅದರ ಹಿಂಬದಿ ಮಾತ್ರ ಇನ್ನು ಯಾರಿಗೂ ಬೇಕಾಗಿಲ್ಲ.