ಬಾಡಿಗೆಯಲ್ಲಿ ಸೇರಿದ ನೀರು

ಯುದ್ಧದ ವರ್ಷಗಳಲ್ಲಿ ಹಾಸನದಲ್ಲಿ ಬಾಡಿಗೆ ಮನೆ ಸಿಗುವುದು ಸುಲಭವಿರಲಿಲ್ಲ. ನುಗ್ಗೇಹಳ್ಳಿಯ ನಂಜಯ್ಯನಿಗೆ ಕೊಬ್ಬರಿ ಮಂಡಿಯಲ್ಲಿ ಕೆಲಸವೇನೋ ಸಿಕ್ಕಿತು. ಹೆಂಡತಿ ಗಂಗಾಂಬಿಕೆಯನ್ನೂ ಪುಟ್ಟ ಮಗಳು ನೀಲಾಂಬಿಕೆಯನ್ನೂ ಕರೆತರಲು ಸೂರು ಮಾತ್ರ ಸಿಗಲಿಲ್ಲ. ಅಲೆದಲೆದು ಕೊನೆಗೆ ಚಂದ್ರಶೇಖರಯ್ಯನವರ ವಠಾರದಲ್ಲಿ ಒಂದು ಪಾಲು ಖಾಲಿ ಇರುವುದು ತಿಳಿಯಿತು. ನೀರು, ವಿದ್ಯುತ್ ದೀಪ ಎಲ್ಲ ಬಾಡಿಗೆಯಲ್ಲೇ ಸೇರಿದೆ ಎಂದರು ಯಜಮಾನರು. ಗುಂಡಿ ಒತ್ತಿದರೆ ಬೆಳಕು. ನಂಜಯ್ಯ ಬೇರೇನನ್ನೂ ನೋಡದೆ ಒಪ್ಪಿಕೊಂಡ.

ನೀರೆಂದರೆ ಹಿತ್ತಲ ಬಾವಿ. ಅದರ ಕಟ್ಟೆ ಒಡೆದಿತ್ತು. ನಾಲ್ಕು ಮಾರು ಆಚೆಗೆ ಕಕ್ಕಸಿನ ಗುಂಡಿ. ಮಳೆ ಬಂದರೆ ಅಂಗಳದ ಕೊಳೆಯೆಲ್ಲ ಬಾವಿಗೇ ಇಳಿಯುತ್ತಿತ್ತು.

ಪಕ್ಕದ ಪಾಲಿನ ಪಾರ್ವತಮ್ಮ ಆಸ್ಪತ್ರೆಯಲ್ಲಿ ದಾದಿ. ಕುಡಿಯುವ ನೀರನ್ನು ಕುದಿಸದೆ ಮಗುವಿಗೆ ಕೊಡಬೇಡವೆಂದು ಆಕೆ ಗಂಗಾಂಬಿಕೆಗೆ ಹೇಳಿದಳು. ಎಲ್ಲರೂ ಒಟ್ಟಾಗಿ ಹೋಗಿ ಯಜಮಾನರನ್ನು ಕೇಳೋಣವೆಂದೂ ಅಂದಳು. ಊಟದ ಹೊತ್ತಿಗೆ ಮಾತು ನಂಜಯ್ಯನ ಕಿವಿಗೆ ಬಿತ್ತು. ಕೆರೆನೀರು ಕುಡಿದು ಬೆಳೆದವರು ತಾವು, ನೀರು ಕಾಯಿಸಲು ಸೌದೆ ಎಲ್ಲಿಂದ ತರುವುದು ಎಂದು ಅವನು ನಕ್ಕುಬಿಟ್ಟ. ನಗುವಿನ ಹಿಂದೆ ಅಳುಕಿತ್ತು.

"ಮನೆ ಕೊಡೋರೇ ಅಪರೂಪ. ಪುಕ್ಸಟ್ಟೆ ಕೊಟ್ಟಿರೋ ನೀರ್ನ ಸರಿಯಿಲ್ಲ ಅಂತ ಎಂಗೆ ಏಳಾದು? ನಾಳೆ ಎದ್ದೋಗಿ ಅಂದ್ರೆ?"

ಗಂಗಾಂಬಿಕೆ ಕುದಿಸದ ನೀರನ್ನೇ ಮಗುವಿನ ಲೋಟಕ್ಕೆ ಬಗ್ಗಿಸಿದಳು.

ಮಳೆಗಾಲ ಹಿಡಿಯಿತು. ನೀಲಾಂಬಿಕೆಗೆ ಜ್ವರ ಬಂತು, ಇಳಿಯಲಿಲ್ಲ. ವಿಷಮಶೀತ ಜ್ವರ, ಕೆಟ್ಟ ನೀರಿನಿಂದ ಬಂದದ್ದು ಎಂದರು ಡಾಕ್ಟರು. ಮುಂದಿನ ಪಾಲಿನ ರೇವಮ್ಮನ ಮಗನಿಗೂ ಅದೇ ಜ್ವರ. ಆ ಹುಡುಗ ಉಳಿಯಲಿಲ್ಲ.

ನೀಲಾಂಬಿಕೆ ಉಳಿದಳು. ತಲೆಗೂದಲು ಉದುರಿ, ಕೈಕಾಲು ಕಡ್ಡಿಯಾಗಿ ಆಸ್ಪತ್ರೆಯಿಂದ ಮನೆಗೆ ಬಂದಳು. ಒಂದು ಸಂಜೆ ನಂಜಯ್ಯ ಕೊಬ್ಬರಿ ಮಿಠಾಯಿ ತಂದು, ಬಾಗಿಲಲ್ಲಿ ನಿಂತು ಮಗಳನ್ನು ಹಿಂದಿನಿಂದ ಕರೆದ. ಅವಳು ತಿರುಗಲಿಲ್ಲ. ಜೋರಾಗಿ ಕರೆದ. ಒಳಗಿನಿಂದ ಗಂಗಾಂಬಿಕೆ ಬಂದಳು, ಮಗು ಕೂತಲ್ಲೇ ಕೂತಿತ್ತು. ಅವನು ಮುಂದೆ ಹೋಗಿ ಕುಕ್ಕರಿಸಿದಾಗ ಅಪ್ಪನ ಮುಖ ಕಂಡು ನಕ್ಕಿತು. ಜ್ವರ ಅದರ ಕಿವಿ ಕಿತ್ತುಕೊಂಡು ಹೋಗಿತ್ತು.

ನಂಜಯ್ಯ ಪಾರ್ವತಮ್ಮನ ಹೊಸ್ತಿಲಲ್ಲಿ ಹೋಗಿ ನಿಂತ. ಮಗುವಿಗೆ ಕಿವಿ ಕೇಳಿಸುತ್ತಿಲ್ಲ ಎಂದ. ಆಕೆ ಅವನನ್ನು ಬಯ್ಯಲಿಲ್ಲ.

"ಪುಕ್ಸಟ್ಟೆ ಅಂದ್ಕಂಡಿದ್ದೇ ತಪ್ಪಾಯ್ತು ಕಣಪ್ಪ. ಬಾಡಿಗೇಲಿ ನೀರು ಸೇರೈತೆ ಅಂದ್ರೆ, ಕುಡಿಯಾ ಅಂಥ ನೀರು ಸೇರಿರ್ಬೇಕು. ಅದನ್ನ ಕೇಳಾದು ಜಗಳ ಅಲ್ಲ."

ಮಾರನೆಯ ದಿನ ವಠಾರದವರೆಲ್ಲ ಯಜಮಾನರ ಮನೆಗೆ ಹೋದರು. ಎಲ್ಲರಿಗಿಂತ ಮುಂದೆ ನಂಜಯ್ಯನೇ ನಡೆದ. ಚಂದ್ರಶೇಖರಯ್ಯ ಮೊದಲು ಸಿಡುಕಿದರು, ಬೇಡದವರು ಖಾಲಿ ಮಾಡಬಹುದು ಎಂದರು. ಯಾರೂ ಕದಲಲಿಲ್ಲ. ರೇವಮ್ಮ ಮೆಲ್ಲಗೆ ಕೇಳಿದಳು:

"ನಿಮ್ಮನೇಲೂ ಆ ಬಾವಿ ನೀರ್ನೇ ಕುಡೀತೀರಾ ಸಾ?"

ಅವರ ಮನೆಗೆ ಮುನಿಸಿಪಾಲಿಟಿ ನಲ್ಲಿಯಿತ್ತು. ಅವರು ತಲೆ ತಗ್ಗಿಸಿದರು. ಕೆಟ್ಟ ಮನುಷ್ಯರಲ್ಲ. ತಮ್ಮದೇ ಬಾವಿಯನ್ನು ವರ್ಷಗಳಿಂದ ಬಗ್ಗಿ ನೋಡಿರಲಿಲ್ಲ, ಅಷ್ಟೆ. ಆ ತಿಂಗಳೇ ಬಾವಿ ಮುಚ್ಚಿಸಿ, ವಠಾರದ ಅಂಗಳಕ್ಕೂ ನಲ್ಲಿ ಹಾಕಿಸಿದರು. ಆದರೂ ಗಂಗಾಂಬಿಕೆ ಇಂದಿಗೂ ನೀರು ಕುದಿಸಿಯೇ ಕೊಡುತ್ತಾಳೆ. ಸೌದೆ ಒಡೆದುಕೊಡುವವನು ನಂಜಯ್ಯ.

ಪೇಟೆಯಲ್ಲಿ ಮನೆ ಹಿಡಿಯುವ ಅಣ್ಣಂದಿರೇ, ಅಕ್ಕಂದಿರೇ, ನೀರು ದೀಪ ಸೇರಿದೆ ಎಂದರೆ ಅಲ್ಲಿಗೇ ಸುಮ್ಮನಾಗಬೇಡಿ. ಹಿತ್ತಲಿಗೆ ಹೋಗಿ ನೀರು ಎಲ್ಲಿಂದ ಬರುತ್ತದೆ, ಕಕ್ಕಸು ಎಷ್ಟು ದೂರವಿದೆ ಎಂದು ಕಣ್ಣಾರೆ ಕಾಣಿರಿ. ಕುಡಿಯುವ ನೀರನ್ನು ಕೊತಕೊತ ಕುದಿಸಿರಿ. ಕೆಟ್ಟಿದ್ದರೆ ನೆರೆಯವರ ಜೊತೆಗೂಡಿ ಕೇಳಿರಿ, ಅದು ನಿಮ್ಮ ಹಕ್ಕು. ನೀರು ನೋಡದೆ ಯಾವ ಮನೆಯ ಬೀಗದ ಕೈಯನ್ನೂ ಇಸಿದುಕೊಳ್ಳಬೇಡಿ.