ರಿಫೈನರಿ ಬೀದಿಯ ಶಾಂತವ್ವ ಸಭೆಗೆ ಹೋದದ್ದು

ಡೆಟ್ರಾಯಿಟ್‌ನಿಂದ ಹತ್ತು ಮೈಲಿ ದೂರದ ಒಂದು ಸಣ್ಣ ಊರು. ಅಲ್ಲಿ ತೈಲ ರಿಫೈನರಿಯ ಬೇಲಿ ಪಕ್ಕದ ಬೀದಿಯಲ್ಲಿ ಶಾಂತವ್ವ ಒಬ್ಬರೇ ಇದ್ದಾರೆ. ಗಾಳಿ ಈ ಕಡೆ ತಿರುಗಿದರೆ ಕೊಳೆತ ಮೊಟ್ಟೆಯ ವಾಸನೆ. ಕಿಟಕಿ ಮುಚ್ಚಬೇಕು, ಇನ್‌ಹೇಲರ್ ಹುಡುಕಬೇಕು.

ಅವರ ಗಂಡ ರೇವಣಪ್ಪ ಅದೇ ರಿಫೈನರಿಯಲ್ಲಿ ಇಂಜಿನಿಯರ್ ಆಗಿದ್ದರು. ಅವರು ತೀರಿಕೊಂಡು ಮೂರು ವರ್ಷವಾಯಿತು. ಮಗಳು ಮೇಧಾ ಬೇರೆ ರಾಜ್ಯದ ಡೆಸ್ ಪ್ಲೇನ್ಸ್ ಎಂಬ ಊರಿನಿಂದ ಭಾನುವಾರ ಫೋನ್ ಮಾಡುತ್ತಾಳೆ. ಉಳಿದ ಆರು ದಿನ ಟಿವಿಯದೇ ಸದ್ದು.

ಕಳೆದ ಚಳಿಗಾಲದಲ್ಲಿ ನಗರಸಭೆ ರಿಫೈನರಿಗೆ ಹೊಸ ಕಾನೂನಿನ ಕರಡು ತಂದಿತು. ಬೀದಿ ಎರಡಾಯಿತು. ಅಲ್ಲಿ ಕೆಲಸ ಮಾಡುವವರಿಗೆ ರಿಫೈನರಿ ಮುಚ್ಚಿಹೋಗುವ ಭಯ. ಮಕ್ಕಳಿಗೆ ಉಬ್ಬಸ ಇದ್ದವರಿಗೆ ಕಾನೂನು ಬೇಕೇ ಬೇಕು. ಜಗಳದಲ್ಲಿ ಯಾರದೋ ಕಾರಿನ ಗಾಜು ಒಡೆಯಿತು. ಶಾಂತವ್ವನನ್ನು ಎರಡೂ ಕಡೆಯವರು ಮಾತಾಡಿಸುವುದು ಬಿಟ್ಟರು. ಕಾನೂನು ಬೇಕೆನ್ನುವವರಿಗೆ ಅವರು ಕಂಪನಿಯವನ ಹೆಂಡತಿ. ಕೆಲಸಗಾರರಿಗೆ ದಮ್ಮಿನ ದೂರು ಹೇಳುವವರು.

ಆಗ ಶಾಂತವ್ವನ ಉಸಿರಾಟ ಪರೀಕ್ಷಿಸಲು ಕೌಂಟಿ, ಅಂದರೆ ಜಿಲ್ಲೆಯ, ಆರೋಗ್ಯ ಇಲಾಖೆಯ ಕನ್ನಡದ ನರ್ಸ್ ಲತಾಶ್ರೀ ಬಂದರು. ಅವರು ಕರಡನ್ನು ಓದಿದ್ದರು. ರಿಫೈನರಿ ಮುಚ್ಚುವ ಮಾತೇ ಅದರಲ್ಲಿಲ್ಲ ಎಂದರು. ಹೆಚ್ಚಾದ ಅನಿಲವನ್ನು ಚಿಮಣಿಯಲ್ಲಿ ಸುಡುವ ಮೊದಲು ಕಂಪನಿ ನೆರೆಯವರಿಗೆ ಫೋನ್ ಮಾಡಬೇಕು, ಬೇಲಿಯ ಮೇಲೆ ಗಾಳಿ ಅಳೆಯುವ ಯಂತ್ರ ಇಡಬೇಕು, ಕೆಲಸಗಾರರೂ ನಿವಾಸಿಗಳೂ ಒಂದೇ ಸಮಿತಿಯಲ್ಲಿ ಕೂರಬೇಕು, ಊರಿಗೊಂದು ಕ್ಲಿನಿಕ್ ಕಟ್ಟಬೇಕು ಎಂದು ವಿವರಿಸಿದರು. ಗುರುವಾರ ಸಾರ್ವಜನಿಕ ಸಭೆ ಇದೆ, ನೀವೂ ಬಂದು ಮಾತಾಡಿ ಎಂದು ಶಾಂತವ್ವನನ್ನು ಕರೆದರು.

“ನನ್ನ ಮಾತ ಯಾರ ಕೇಳ್ತಾರ? ಈ ದೇಶದಾಗ ನನಗ ವೋಟಿಲ್ಲ, ಇಂಗ್ಲಿಷ್ ಬರಂಗಿಲ್ಲ. ಮ್ಯಾಲ ಆ ಕಂಪನಿ ಅನ್ನ ಉಂಡೀನಿ.”

“ಆಂಟಿ, ಅಲ್ಲಿ ಮಾತಾಡೋಕೆ ವೋಟ್ ಬೇಕಿಲ್ಲ. ಈ ಊರಲ್ಲಿದ್ರೆ ಸಾಕು. ನೀವು ಕನ್ನಡದಲ್ಲೇ ಹೇಳಿ, ನಾನು ಇಂಗ್ಲಿಷ್‌ನಲ್ಲಿ ಹೇಳ್ತೀನಿ.”

ಈ ಜಗಳ ನಮಗೇಕೆ ಎಂದು ಮೇಧಾ ಫೋನಿನಲ್ಲಿ ಬೇಸರಪಟ್ಟಳು. ಶಾಂತವ್ವ ಮೂರು ದಿನ ಯೋಚಿಸಿದರು. ಗುರುವಾರ ಕೋಟು ಹಾಕಿಕೊಂಡು ಹೊರಟೇಬಿಟ್ಟರು.

ಮೈಕಿನ ಮುಂದೆ ನಿಂತು ಅವರು ಹೇಳಿದರು: “ನಮ್ಮ ಮನಿಯವ್ರು ಇಪ್ಪತ್ತೆರಡು ವರ್ಷ ಅಲ್ಲೇ ದುಡದ್ರು. ರಿಫೈನರಿ ಮುಚ್ಚಬ್ಯಾಡ್ರಿ. ಆದ್ರ ಹೊಗಿ ಬಿಡೂಕಿಂತ ಮೊದಲ ನಮಗೊಂದು ಮಾತ ಹೇಳ್ರಿ. ಕೆಲಸದವ್ರ ಮಕ್ಕಳೂ ಇದ ಗಾಳಿ ಕುಡೀತಾವ.”

ಲತಾಶ್ರೀ ಅದನ್ನು ಇಂಗ್ಲಿಷ್‌ನಲ್ಲಿ ಹೇಳಿದರು. ಎದುರು ಮನೆಯಲ್ಲಿರುವ ರಿಫೈನರಿ ಕೆಲಸಗಾರ ಡೆನಿಸ್ ಎದ್ದು, ಮುಚ್ಚುತ್ತಾರೆಂದು ಕರಡಿನಲ್ಲಿ ಎಲ್ಲಿದೆ, ತೋರಿಸಿ ಎಂದು ತನ್ನವರನ್ನೇ ಕೇಳಿದ. ಅವರು ಕರಡಿನ ಹಾಳೆಗಳನ್ನೆಲ್ಲ ತಿರುವಿದರು; ಅಂಥ ಸಾಲು ಸಿಗಲಿಲ್ಲ.

ಮುಂದಿನ ತಿಂಗಳು ಕಾನೂನು ಪಾಸಾಯಿತು. ವಾಸನೆ ಪೂರ್ತಿ ಹೋಗಿಲ್ಲ. ಆದರೆ ಮೊದಲೇ ಫೋನ್ ಬರುತ್ತದೆ. ಕ್ಲಿನಿಕ್‌ಗೆ ಜಾಗ ಗುರುತಾಗಿದೆ. ಶಾಂತವ್ವ ಸಮಿತಿಯಲ್ಲಿದ್ದಾರೆ. ಸಭೆಯಲ್ಲಿ ಅಮ್ಮ ಆಡಿದ ಮಾತಿನ ರೆಕಾರ್ಡಿಂಗ್ ಕೇಳಿದ ಮೇಲೆ ಮೇಧಾ ತನ್ನ ಊರಿನ ಸಭೆಗೂ ಹೋಗತೊಡಗಿದ್ದಾಳೆ. ಮನೆಯಲ್ಲಿ ಶಾಂತವ್ವ ಈಗಲೂ ಒಬ್ಬರೇ. ಆದರೂ ತಿಂಗಳಿಗೊಮ್ಮೆ ಡೆನಿಸ್ ಬಾಗಿಲು ತಟ್ಟಿ, ತನ್ನ ಕಾರಿನಲ್ಲೇ ಅವರನ್ನು ಸಮಿತಿಯ ಸಭೆಗೆ ಕರೆದೊಯ್ಯುತ್ತಾನೆ.

ನಿಮ್ಮ ಊರಿನಲ್ಲೂ ಇಂಥ ಕರಡು ಬಂದರೆ, ಗಾಳಿಮಾತು ನಂಬುವ ಮೊದಲು ತರಿಸಿಕೊಂಡು ಓದಿ. ಸಭೆಗೆ ಹೋಗಿ. ಭಾಷೆ ಬಾರದಿದ್ದರೆ ಅನುವಾದ ಮಾಡುವವರು ಬೇಕೆಂದು ಮೊದಲೇ ಕೇಳಿ. ಪಕ್ಕದ ಮನೆಯಲ್ಲಿ ಒಬ್ಬರೇ ಇರುವವರಿದ್ದರೆ, ಅವರನ್ನೂ ಜೊತೆಗೆ ಕರೆಯಿರಿ.